ಕುಳಿತಿರುವ ಅಧ್ಯಕ್ಷರನ್ನು ಹೊರಗಿನವರು ಇಳಿಸಬಲ್ಲರೆ?

ಅಧಿಕಾರದಲ್ಲಿರುವ ಅಧ್ಯಕ್ಷರನ್ನು ಹೊರಗಿನಿಂದ ಬಂದ ಅಭ್ಯರ್ಥಿಯೊಬ್ಬರು ಚುನಾವಣೆಯಲ್ಲಿ ಸೋಲಿಸಬಲ್ಲರೆ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಅಮೆರಿಕದವರಿಗೆ ಸೇರಿದುದೆಂದು ತೋರುತ್ತದೆ. ನಾಲ್ಕು ವರ್ಷಗಳಿಗೊಮ್ಮೆ ಅಲ್ಲಿಯ ಜನರು ಅದನ್ನು ಚರ್ಚಿಸುತ್ತಾರೆ. ನಾವು ಇಲ್ಲಿ ಕುಳಿತು ಕೇಳುತ್ತೇವೆ. ಆದರೆ ಈ ಪ್ರಶ್ನೆಯು ನಮ್ಮ ದೇಶದಲ್ಲಿಯೂ ಒಮ್ಮೆ ಬಹು ತೀವ್ರವಾಗಿ ಎದ್ದಿತ್ತು. ಅದರ ಮೊದಲ ಅಂಕವು ನಡೆದುದು ಬೆಂಗಳೂರಿನಲ್ಲಿ. ಅದರ ಒಂದು ಎಳೆಯು ಉಡುಪಿ, ಮಣಿಪಾಲಗಳವರೆಗೂ ಹಾದುಬಂದಿತ್ತು. ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದದ ವಿಚಾರ. ಕನ್ನಡದಲ್ಲಿ 'ಅಧ್ಯಕ್ಷ' ಎಂಬುದು ಬಹಳ ದುಡಿಯುವ ಶಬ್ದ. ಹಾಲು ಉತ್ಪಾದಕರ ಸಂಘಕ್ಕೂ ಅಧ್ಯಕ್ಷರಿದ್ದಾರೆ, ಯುವಕ ಮಂಡಲಕ್ಕೂ ಇದ್ದಾರೆ, ಬ್ರಹ್ಮಕಲಶೋತ್ಸವ ಸಮಿತಿಗೂ ಇದ್ದಾರೆ, ಅಮೆರಿಕ ದೇಶಕ್ಕೂ ಇದ್ದಾರೆ. ನಮ್ಮ ದೇಶದ ಪ್ರಥಮ ಪ್ರಜೆಯನ್ನು ಮಾತ್ರ ರಾಷ್ಟ್ರಪತಿ ಎನ್ನುತ್ತೇವೆ. ಸ್ವಾತಂತ್ರ್ಯಕ್ಕೆ ಮುಂಚೆ ಕಾಂಗ್ರೆಸ್ಸಿನ ಅಧ್ಯಕ್ಷರನ್ನೇ ರಾಷ್ಟ್ರಪತಿ ಎಂದು ಕರೆಯುವ ರೂಢಿ ಇತ್ತೆಂಬುದು ಇಂದು ಅನೇಕರಿಗೆ ನೆನಪಿಲ್ಲ. ಹೆಸರು ಒಂದೇ ಆದರೂ ಈ ಪೀಠಗಳ ಕಾಲುಗಳು ನಿಂತಿರುವ ನೆಲ ಬೇರೆ ಬೇರೆ. ನಮ್ಮ ಗ್ರಾಮ ಪಂಚಾಯತಿನ ಅಧ್ಯಕ್ಷರನ್ನು ಸದಸ್ಯರು ತಮ್ಮೊಳಗಿನಿಂದಲೇ ಆರಿಸಿಕೊಳ್ಳುತ್ತಾರೆ. ಬೇಡವಾದರೆ ಅವಿಶ್ವಾಸ ಗೊತ್ತುವಳಿಯಿಂದ ಇಳಿಸುವವರೂ ಅವರೇ. ಅಲ್ಲಿ ಹೊರಗಿನವರಿಗೆ ಪ್ರವೇಶವೇ ಇಲ್ಲ. ಮೊದಲು ಸದಸ್ಯರಾಗಿ ಒಳಗೆ ಬರಬೇಕು, ಆಮೇಲೆ ಉಳಿದ ಮಾತು. ಆದಕಾರಣ ಇಳಿಸುವ ಮಾತನ್ನಾಡುವ ಮೊದಲು, ಆ ಪೀಠಕ್ಕೆ ಏರಿಸುವ ಮತವು ಯಾರ ಕೈಯಲ್ಲಿದೆ ಎಂದು ಕೇಳಬೇಕಾಗುತ್ತದೆ.

ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ನನ್ನ ತಾಯಿ. ಅವರು ಕಾರ್ಕಳದ ಕಡೆಯ ಹಳ್ಳಿಯೊಂದರಲ್ಲಿ ಬೀಡಿ ಕಟ್ಟುವವರು. ಶಾಲೆಗೆ ಹೋದುದು ಮೂರನೆಯ ತರಗತಿಯವರೆಗೆ. ೨೦೨೨ರ ಜುಲೈ ತಿಂಗಳಲ್ಲಿ ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಯಾಗಿ ಆರಿಸಿಬಂದ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿ, ಮಡಿಲಲ್ಲಿದ್ದ ತಡ್ಪೆಯಿಂದ ತಲೆಯೆತ್ತಿ, "ಇವರಿಗೆ ನಾವು ಓಟು ಹಾಕಿದ್ದು ಯಾವಾಗ?" ಎಂದರು. ಪಂಚಾಯತು, ಅಸೆಂಬ್ಲಿ, ಪಾರ್ಲಿಮೆಂಟು, ಯಾವ ಚುನಾವಣೆಯನ್ನೂ ತಪ್ಪಿಸಿದವರಲ್ಲ ಅವರು. ಅವರಿಗೆ ಅನ್ನಿಸಿದ ಆಶ್ಚರ್ಯ ಸಹಜವಾದುದೇ.

ಉತ್ತರವು ಸಂವಿಧಾನದ ೫೪ ಮತ್ತು ೫೫ನೆಯ ವಿಧಿಗಳಲ್ಲಿದೆ. ರಾಷ್ಟ್ರಪತಿಯನ್ನು ಆರಿಸುವವರು ಪಾರ್ಲಿಮೆಂಟಿನ ಉಭಯ ಸದನಗಳ ಚುನಾಯಿತ ಸದಸ್ಯರು ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು. ಎಲ್ಲ ಶಾಸಕರ ಮತಕ್ಕೂ ಒಂದೇ ತೂಕವಲ್ಲ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಸ್ಥಾನಗಳಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತದ ಮೌಲ್ಯ ದೊರೆಯುತ್ತದೆ. ಇದಕ್ಕೆ ಇಂದಿಗೂ ಹಿಡಿಯುವುದು ೧೯೭೧ರ ಜನಗಣತಿಯನ್ನು. ಆಗ ಕರ್ನಾಟಕದ ಜನಸಂಖ್ಯೆ ೨,೯೨,೯೯,೦೧೪. ಸ್ಥಾನಗಳು ೨೨೪. ಲೆಕ್ಕ ಹಾಕಿದರೆ ನಮ್ಮ ಒಬ್ಬ ಶಾಸಕರ ಮತದ ಮೌಲ್ಯ ೧೩೧ ಆಗುತ್ತದೆ. ಉತ್ತರ ಪ್ರದೇಶದ ಶಾಸಕರದು ೨೦೮, ಸಿಕ್ಕಿಮಿನವರದು ೭. ಎಲ್ಲ ಶಾಸಕರ ಮತಗಳ ಒಟ್ಟು ಮೌಲ್ಯವನ್ನು ಪಾರ್ಲಿಮೆಂಟಿನ ಸದಸ್ಯರಿಗೆ ಸಮನಾಗಿ ಹಂಚಿದಾಗ ೨೦೨೨ರಲ್ಲಿ ಒಬ್ಬೊಬ್ಬರಿಗೆ ೭೦೦ ಬಂದಿತು.

ಈ ಲೆಕ್ಕವನ್ನು ನಮ್ಮ ಜಿಲ್ಲೆಗೆ ಇಳಿಸಿ ನೋಡೋಣ. ಬೈಂದೂರು, ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಎಂದು ಐದು ವಿಧಾನಸಭಾ ಕ್ಷೇತ್ರಗಳು; ಐದು ನೂರಮೂವತ್ತೊಂದಲೆ ೬೫೫. ೨೦೨೨ರಲ್ಲಿ ಇಡೀ ದೇಶದ ಮತಗಳ ಒಟ್ಟು ಮೌಲ್ಯವಾದರೋ ೧೦,೮೬,೪೩೧. ನನ್ನ ತಾಯಿಯ ಮತವು ಕಾರ್ಕಳದ ಶಾಸಕರ ೧೩೧ರೊಳಗೆ ಎಲ್ಲೋ ಒಂದು ಹುಡಿಯಾಗಿ ಸೇರಿಹೋಗಿದೆ. ಹೀಗೆಂದು ವಿವರಿಸಿದಾಗ ಅವರು, "ಹಾಗಾದರೆ ನಾವು ಬೇಡವೆಂದರೆ ಇಳಿಸಲಿಕ್ಕೂ ಆಗುವುದಿಲ್ಲ" ಎಂದರು. ಮಾತು ಸರಿಯಾಗಿಯೇ ಇದೆ. ಅವಧಿಯ ನಡುವೆ ಇಳಿಸುವುದಾದರೆ ಸಂವಿಧಾನದ ೬೧ನೆಯ ವಿಧಿಯಂತೆ ಮಹಾಭಿಯೋಗ ನಡೆಯಬೇಕು. ಉಭಯ ಸದನಗಳಲ್ಲಿಯೂ ಒಟ್ಟು ಸದಸ್ಯಬಲದ ಮೂರರಲ್ಲಿ ಎರಡು ಪಾಲು ಮತ ಬೇಕು. ಇದುವರೆಗೆ ಯಾವ ರಾಷ್ಟ್ರಪತಿಯ ಮೇಲೂ ಅದು ನಡೆದಿಲ್ಲ.

ಇನ್ನು ಚುನಾವಣೆಯಲ್ಲಿ ಸೋಲಿಸುವ ಮಾತು. ಪೀಠದಲ್ಲಿರುವಾಗಲೇ ಮತ್ತೆ ಸ್ಪರ್ಧಿಸಿದ ರಾಷ್ಟ್ರಪತಿಗಳು ನಮ್ಮಲ್ಲಿ ಒಬ್ಬರೇ, ಡಾ. ರಾಜೇಂದ್ರ ಪ್ರಸಾದರು. ೧೯೫೨ರಲ್ಲಿ ಅವರಿಗೆ ೫,೦೭,೪೦೦ ಮೌಲ್ಯದ ಮತಗಳು ಬಂದವು; ಎದುರು ನಿಂತ ಪ್ರೊಫೆಸರ್ ಕೆ.ಟಿ. ಷಾ ಅವರಿಗೆ ೯೨,೮೨೭. ಈ ಷಾ ಅವರ ವಿಚಾರದಲ್ಲಿ ಒಂದು ಸ್ವಾರಸ್ಯವಿದೆ. ದೇಶದ ಮುಖ್ಯಸ್ಥನನ್ನು ವಯಸ್ಕ ಪ್ರಜೆಗಳೆಲ್ಲರೂ ನೇರವಾಗಿ ಆರಿಸಬೇಕೆಂದು ಸಂವಿಧಾನ ಸಭೆಯಲ್ಲಿ ವಾದಿಸಿದವರು ಇವರೇ. ಸಭೆಯು ಒಪ್ಪಲಿಲ್ಲ. ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದ ವ್ಯಕ್ತಿಯನ್ನು ಕೋಟ್ಯಂತರ ಜನರ ಮತದಿಂದ ಆರಿಸಿದರೆ ಒಂದೇ ಮನೆಗೆ ಇಬ್ಬರು ಯಜಮಾನರಾಗುವರೆಂಬುದು ಎದುರುಪಕ್ಷದ ತರ್ಕವಾಗಿತ್ತು. ಜನರ ಮತ ಬೇಕೆಂದ ಷಾ ಅವರು ಕೊನೆಗೆ ಶಾಸಕರ ಮತಕ್ಕೇ ನಿಂತು ಸೋತರು. ೧೯೫೭ರಲ್ಲಂತೂ ಸ್ಪರ್ಧೆಯು ಹೆಸರಿಗೆ ಮಾತ್ರ. ಪ್ರಸಾದರಿಗೆ ೪,೫೯,೬೯೮, ಚೌಧರಿ ಹರಿರಾಮರಿಗೆ ೨,೬೭೨, ನಾಗೇಂದ್ರ ನಾರಾಯಣ ದಾಸರಿಗೆ ೨,೦೦೦. ಚೌಧರಿ ಹರಿರಾಮರ ಛಲವನ್ನು ಮೆಚ್ಚಬೇಕು. ೧೯೬೨ರಲ್ಲಿ ಡಾ. ರಾಧಾಕೃಷ್ಣನ್ ಅವರ ಎದುರಿಗೂ ನಿಂತು ೬,೩೪೧ ಪಡೆದರು.

೧೯೬೭ರಲ್ಲಿ ಮೊದಲ ಸಲ ಪೈಪೋಟಿಯೆಂಬ ಪೈಪೋಟಿ ನಡೆಯಿತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಕೆ. ಸುಬ್ಬರಾವ್ ಅವರು ಪದವಿಗೆ ರಾಜೀನಾಮೆಯಿತ್ತು ವಿರೋಧ ಪಕ್ಷಗಳ ಅಭ್ಯರ್ಥಿಯಾದರು. ರಾಜಕೀಯಕ್ಕೆ ಸಂಪೂರ್ಣ ಹೊರಗಿನವರೆಂದರೆ ಅವರೇ. ೩,೬೩,೯೭೧ ಪಡೆದರೂ ೪,೭೧,೨೪೪ ಪಡೆದ ಡಾ. ಝಾಕಿರ್ ಹುಸೇನರಿಗೆ ಸೋತರು. ಆಳುವ ಪಕ್ಷದ ಮತಗಳು ಒಟ್ಟಾಗಿದ್ದುವು. ಹೊರಗಿನವರು ಎಷ್ಟೇ ಗಣ್ಯರಾಗಿದ್ದರೂ ಗಟ್ಟಿ ಗೋಡೆಗೆ ತಲೆ ಚಚ್ಚಿಕೊಂಡಂತೆಯೇ.

ಆ ಗೋಡೆ ಎರಡು ವರ್ಷಗಳಲ್ಲಿ ಬಿರುಕು ಬಿಟ್ಟಿತು. ೧೯೬೯ರ ಮೇ ೩ರಂದು ಝಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿಗಳಾಗಿದ್ದ ವಿ.ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಗಿರಿಯವರು ನಮ್ಮ ರಾಜ್ಯಕ್ಕೆ ಅಪರಿಚಿತರಲ್ಲ. ೧೯೬೫ರಿಂದ ೧೯೬೭ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಮೂಲತಃ ಕಾರ್ಮಿಕರ ನಾಯಕರು. ಬ್ಯಾಂಕು ನೌಕರರಿಗೆ ನ್ಯಾಯಮಂಡಳಿಯು ಕೊಟ್ಟ ತೀರ್ಪನ್ನು ಸರಕಾರವು ತಿದ್ದಿತೆಂಬ ಕಾರಣಕ್ಕೆ ೧೯೫೪ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿ ಪದವಿಯನ್ನೇ ಬಿಟ್ಟುಬಂದವರು. ಈ ಬ್ಯಾಂಕಿನ ವಿಷಯವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತು. ಕಾಂಗ್ರೆಸ್ಸಿನ ಅಧ್ಯಕ್ಷರು ಆಗ ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ರಾಷ್ಟ್ರಪತಿ ಪದವಿಗೆ ಪಕ್ಷದ ಅಭ್ಯರ್ಥಿ ಯಾರೆಂಬ ಪ್ರಶ್ನೆ ಎದ್ದಾಗ ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ ರಾಮರ ಹೆಸರನ್ನು ಮುಂದಿಟ್ಟರು. ಪಕ್ಷದ ಪಾರ್ಲಿಮೆಂಟರಿ ಮಂಡಲಿಯ ಬಹುಮತವು ಲೋಕಸಭೆಯ ಸ್ಪೀಕರರಾಗಿದ್ದ ನೀಲಂ ಸಂಜೀವ ರೆಡ್ಡಿಯವರ ಕಡೆಗಾಯಿತು. ಪ್ರಧಾನಿಯ ಮಾತು ಅವರ ಪಕ್ಷದಲ್ಲಿಯೇ ಬಿದ್ದುಹೋಯಿತು. ಹಂಗಾಮಿಯಾಗಿ ಪೀಠದಲ್ಲಿದ್ದ ಗಿರಿಯವರನ್ನಂತೂ ಪಕ್ಷವು ಆರಿಸಲೇ ಇಲ್ಲ. ಅವರು ಸ್ವತಂತ್ರ ಅಭ್ಯರ್ಥಿಯಾಗಿ ನಿಲ್ಲುವುದಾಗಿ ಸಾರಿದರು.

ಮುಂದಿನದು ವಾರದೊಳಗೆ ನಡೆದುಹೋಯಿತು. ಜುಲೈ ೧೬ರಂದು ಮೊರಾರ್ಜಿ ದೇಸಾಯಿಯವರಿಂದ ಅರ್ಥಖಾತೆಯನ್ನು ಕಿತ್ತುಕೊಳ್ಳಲಾಯಿತು. ೧೯ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಿಸುವ ಸುಗ್ರೀವಾಜ್ಞೆ ಹೊರಟಿತು. ಹಂಗಾಮಿ ರಾಷ್ಟ್ರಪತಿಯಾಗಿ ಅದನ್ನು ಹೊರಡಿಸಿದವರು ಗಿರಿಯವರು. ಮರುದಿನವೇ ಅವರು ರಾಜೀನಾಮೆಯಿತ್ತು ಚುನಾವಣೆಗೆ ಹೊರಟರು. ಆ ಹದಿನಾಲ್ಕರಲ್ಲಿ ಎರಡು ನಮ್ಮ ಕರಾವಳಿಯವು: ೧೯೦೬ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಮತ್ತು ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕು. ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಹಣ ಕೂಡಿಸುವ ಪಿಗ್ಮಿ ಠೇವಣಿಯನ್ನು ೧೯೨೮ರಲ್ಲಿ ಆರಂಭಿಸಿದ ಬ್ಯಾಂಕಿದು. ೨೦೨೦ರ ಏಪ್ರಿಲ್ ೧ರಂದು ಇದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತಾದರೂ, ನಮ್ಮ ಮನೆಯಲ್ಲಿ ಹಳೆಯ ಪಾಸುಪುಸ್ತಕವಿನ್ನೂ ಅಕ್ಕಿಡಬ್ಬದ ಹಿಂದೆ ಭದ್ರವಾಗಿದೆ.

ಇಲ್ಲಿ ಒಂದು ತಮಾಷೆ. ಇಂದಿರಾ ಗಾಂಧಿಯವರನ್ನು ಎದುರಿಸಿದ ನಿಜಲಿಂಗಪ್ಪ, ಕಾಮರಾಜ, ಎಸ್.ಕೆ. ಪಾಟೀಲ, ಅತುಲ್ಯ ಘೋಷ್ ಮೊದಲಾದ ಹಿರಿಯರ ಕೂಟಕ್ಕೆ ಪತ್ರಿಕೆಗಳು ಇಟ್ಟಿದ್ದ ಹೆಸರೂ 'ಸಿಂಡಿಕೇಟ್' ಎಂದೇ. ದೇಶವೆಲ್ಲ ಸಿಂಡಿಕೇಟಿನ ವಿರುದ್ಧ ಪ್ರಧಾನಿಯ ಹೋರಾಟವೆಂದು ಓದುತ್ತಿದ್ದ ದಿನಗಳಲ್ಲಿ, ಸಿಂಡಿಕೇಟು ಎಂದರೆ ಪಿಗ್ಮಿ ಕಟ್ಟುವ ಬ್ಯಾಂಕೆಂದು ತಿಳಿದಿದ್ದ ನಮ್ಮ ಉಡುಪಿಯ ಕಡೆಯವರಿಗೆ ಏನೆನ್ನಿಸಿರಬಹುದೋ!

ಬ್ಯಾಂಕು ರಾಷ್ಟ್ರೀಕರಣವು ಒಳ್ಳೆಯದೆ ಕೆಟ್ಟದೆ ಎಂಬುದು ಅರ್ಥಶಾಸ್ತ್ರದ ಅಧ್ಯಾಪಕರಿಗೆ ಬಿಟ್ಟ ವಿಷಯ. ನಮಗೆ ಬೇಕಾದುದು ಇಷ್ಟೆ: ಅದು ಒಂದು ಪಕ್ಷದೊಳಗಿನ ಜಗಳವನ್ನು ಬಡವರ ಪರವೋ ವಿರೋಧವೋ ಎಂಬ ಪ್ರಶ್ನೆಯನ್ನಾಗಿ ತಿರುಗಿಸಿಬಿಟ್ಟಿತು. ಶಾಸಕರಿಗೆ ಪಕ್ಷವನ್ನು ಬಿಟ್ಟು ಮತ ಕೊಡಲು ಒಂದು ಕಾರಣ ದೊರೆಯಿತು. ನಿಜಲಿಂಗಪ್ಪನವರು ಪಕ್ಷದ ಅಭ್ಯರ್ಥಿಗೇ ಮತ ಕೊಡಬೇಕೆಂದು ವಿಪ್ ಹೊರಡಿಸುವಂತೆ ಒತ್ತಾಯಿಸಿದರು, ಪ್ರಧಾನಿಯವರು ಒಪ್ಪಲಿಲ್ಲ. ಈ ನಡುವೆ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಮುಖಂಡರನ್ನು ಕಂಡು, ನಿಮ್ಮ ಎರಡನೆಯ ಪ್ರಾಶಸ್ತ್ಯದ ಮತವನ್ನಾದರೂ ಸಂಜೀವ ರೆಡ್ಡಿಯವರಿಗೆ ಕೊಡಿರೆಂದು ಕೇಳಿದ್ದರು. ಇದೇ ಅವರಿಗೆ ಮುಳುವಾಯಿತು. ಪಕ್ಷದ ಅಧ್ಯಕ್ಷರೇ ವಿರೋಧಿಗಳ ಮನೆಬಾಗಿಲಿಗೆ ಹೋದ ಮೇಲೆ ನಮಗೇಕೆ ಶಿಸ್ತು ಎಂದು ಇಂದಿರಾ ಪಕ್ಷದವರು 'ಆತ್ಮಸಾಕ್ಷಿಯ ಮತ'ದ ಕೂಗೆಬ್ಬಿಸಿದರು.

ಎರಡನೆಯ ಪ್ರಾಶಸ್ತ್ಯವೆಂದರೇನು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ ೧, ೨, ೩ ಎಂದು ತಮ್ಮ ಇಚ್ಛೆಯ ಕ್ರಮವನ್ನು ಬರೆಯುತ್ತಾರೆ. ಗೆಲ್ಲಲು ಸಿಂಧುವಾದ ಮತಗಳ ಒಟ್ಟು ಮೌಲ್ಯದ ಅರ್ಧಕ್ಕಿಂತ ಹೆಚ್ಚು ಬೇಕು. ಮೊದಲ ಎಣಿಕೆಯಲ್ಲಿ ಯಾರಿಗೂ ಅಷ್ಟು ಬಾರದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ '೨' ಎಂದು ಯಾರ ಹೆಸರಿಗಿದೆಯೋ ಅವರಿಗೆ ಆ ಮತಗಳನ್ನು ಸೇರಿಸುತ್ತಾರೆ. ಒಬ್ಬರು ಅರ್ಧವನ್ನು ದಾಟುವವರೆಗೆ ಹೀಗೆಯೇ ನಡೆಯುತ್ತದೆ. ಮತದಾನವು ಗುಪ್ತ. ಯಾವ ಶಾಸಕರು ಯಾರಿಗೆ ಕೊಟ್ಟರೆಂದು ಪಕ್ಷಕ್ಕೆ ತಿಳಿಯುವುದಿಲ್ಲ.

ಆಗಸ್ಟ್ ೧೬ರಂದು ಮತದಾನವಾಯಿತು. ಕಣದಲ್ಲಿ ಹದಿನೈದು ಮಂದಿ ಇದ್ದರೂ ನಿಜವಾದ ಸ್ಪರ್ಧೆ ಗಿರಿ, ಸಂಜೀವ ರೆಡ್ಡಿ ಮತ್ತು ಜನಸಂಘ, ಸ್ವತಂತ್ರ ಪಕ್ಷಗಳ ಬೆಂಬಲವಿದ್ದ ಸಿ.ಡಿ. ದೇಶಮುಖರ ನಡುವೆ. ೨೦ರಂದು ಎಣಿಸಿದಾಗ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮, ದೇಶಮುಖರಿಗೆ ೧,೧೨,೭೬೯. ಗೆಲ್ಲಲು ಬೇಕಾದುದು ೪,೧೮,೧೬೯. ಗಿರಿಯವರು ಹದಿನಾರು ಸಾವಿರದಷ್ಟು ಹಿಂದೆ ಉಳಿದರು. ರಾಷ್ಟ್ರಪತಿ ಚುನಾವಣೆಯಲ್ಲಿ ಎರಡನೆಯ ಪ್ರಾಶಸ್ತ್ಯವನ್ನು ಎಣಿಸಬೇಕಾಗಿ ಬಂದುದು ಆ ಒಂದು ಸಲ ಮಾತ್ರ.

ದೇಶಮುಖರು ಮತ್ತು ಇತರರ ಮತಗಳನ್ನು ಹಂಚಿದಾಗ ರೆಡ್ಡಿಯವರಿಗೆ ೯೧,೮೭೯ ಹೆಚ್ಚಾಯಿತು. ಗಿರಿಯವರಿಗೆ ೧೮,೫೬೨ ಮಾತ್ರ. ಅಂದರೆ ನಿಜಲಿಂಗಪ್ಪನವರು ಕೇಳಿಕೊಂಡುದು ಬಹುಪಾಲು ನಡೆದೇ ನಡೆಯಿತು. ಆದರೂ ಸಾಲಲಿಲ್ಲ. ಗಿರಿಯವರು ೪,೨೦,೦೭೭ಕ್ಕೆ ಮುಟ್ಟಿದರು. ರೆಡ್ಡಿಯವರು ೪,೦೫,೪೨೭ಕ್ಕೆ ನಿಂತರು. ಅಂತರ ೧೪,೬೫೦. ಕರ್ನಾಟಕದ ಶಾಸಕರ ೧೩೧ರ ಲೆಕ್ಕದಲ್ಲಿ ಹೇಳುವುದಾದರೆ ಇದು ನೂರಹನ್ನೆರಡು ಶಾಸಕರ ಮತ. ನಮ್ಮ ವಿಧಾನಸಭೆಯ ಸರಿಯರ್ಧ. ಇಡೀ ಭಾರತದ ರಾಷ್ಟ್ರಪತಿ ಪದವಿಯು ಅಷ್ಟರ ಮೇಲೆ ನಿಂತಿತ್ತು. ಚುನಾವಣೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋದಾಗ ರಾಷ್ಟ್ರಪತಿಗಳಾಗಿದ್ದ ಗಿರಿಯವರು ಸ್ವತಃ ಸಾಕ್ಷಿ ಹೇಳಿದರೆಂಬುದೂ, ೧೯೭೦ರಲ್ಲಿ ಅರ್ಜಿಗಳು ವಜಾ ಆದುವೆಂಬುದೂ ಇಲ್ಲಿ ಉಲ್ಲೇಖಾರ್ಹ.

ಈ ಗಿರಿಯವರನ್ನು ಹೊರಗಿನ ಅಭ್ಯರ್ಥಿ ಎನ್ನಬಹುದೆ? ಪಕ್ಷದ ಲೆಕ್ಕದಲ್ಲಿ ಹೊರಗಿನವರೇ. ಆದರೆ ಮೊನ್ನೆಯವರೆಗೆ ಆ ಪೀಠದಲ್ಲಿ ಕುಳಿತಿದ್ದವರು. ಆಳುವ ಪಕ್ಷದ ಅರ್ಧವು ಅವರ ಬೆನ್ನಿಗಿತ್ತು. ಸುಬ್ಬರಾಯರಿಗೆ ಸಾಧ್ಯವಾಗದುದು ಗಿರಿಯವರಿಗೆ ಸಾಧ್ಯವಾದುದು ಅವರ ಯೋಗ್ಯತೆ ಹೆಚ್ಚಿದ್ದುದರಿಂದಲ್ಲ, ಒಳಗಿನಿಂದ ಬಾಗಿಲ ಅಗುಳಿ ತೆಗೆಯುವವರು ಇದ್ದುದರಿಂದ. ಮತವು ಶಾಸಕರ ಕೈಯಲ್ಲಿರುವಷ್ಟು ಕಾಲ ಹೊರಗಿನವರ ಗೆಲುವಿಗೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ಹಾಗೆ ನೋಡಿದರೆ ಆ ಚುನಾವಣೆಯಲ್ಲಿ ನಿಜವಾಗಿ ಪೀಠವನ್ನು ಕಳೆದುಕೊಂಡ ಅಧ್ಯಕ್ಷರು ನಿಜಲಿಂಗಪ್ಪನವರು. ನವೆಂಬರ್ ೧೨ರಂದು ಅವರ ಕಾಂಗ್ರೆಸ್ಸು ಪ್ರಧಾನಿಯನ್ನೇ ಪಕ್ಷದಿಂದ ಹೊರಗೆ ಹಾಕಿತು. ಪ್ರಧಾನಿಯ ಕಡೆಯವರು ಅದೇ ತಿಂಗಳು ದೆಹಲಿಯಲ್ಲಿ ಬೇರೆ ಸಭೆ ಸೇರಿ ನಿಜಲಿಂಗಪ್ಪನವರನ್ನು ಅಧ್ಯಕ್ಷತೆಯಿಂದ ತೆಗೆದರು. ಒಂದು ಪಕ್ಷ ಎರಡಾಯಿತು. ಮೈಸೂರು ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆ ಉಳಿದರು. ದೇವರಾಜ ಅರಸರು ಇಂದಿರಾ ಅವರ ಕಡೆಯ ಮುಂದಾಳಾದರು.

ಇದರ ಮುಂದಿನ ಕಥೆಯನ್ನು ಕಾರ್ಕಳದ ಮತದಾರರು ಕಣ್ಣಾರೆ ಕಂಡರು. ೧೯೭೭ರಲ್ಲಿ ಇಂದಿರಾ ಗಾಂಧಿಯವರು ಪ್ರಧಾನಿಯಾಗಿದ್ದಾಗಲೇ ರಾಯ್‌ಬರೇಲಿಯಲ್ಲಿ ರಾಜನಾರಾಯಣರಿಗೆ ಸೋತರು. ಮರುವರ್ಷ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಡಿ.ಬಿ. ಚಂದ್ರೇಗೌಡರು ಅವರಿಗಾಗಿ ಸ್ಥಾನವನ್ನು ತೆರವು ಮಾಡಿದರು. ಕಾರ್ಕಳವು ಆಗ ಆ ಕ್ಷೇತ್ರಕ್ಕೆ ಸೇರಿತ್ತು. ಎದುರಾಳಿಯಾಗಿ ಜನತಾ ಪಕ್ಷದಿಂದ ಬಂದವರು ಅದೇ ವೀರೇಂದ್ರ ಪಾಟೀಲರು. ದೆಹಲಿಯವರೊಬ್ಬರು, ಗುಲ್ಬರ್ಗದ ಕಡೆಯವರೊಬ್ಬರು, ಇಬ್ಬರೂ ಪರವೂರಿನವರೇ. ಇಂದಿರಾ ಅವರು ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. ಜನರಿಗೆ ಪರವೂರು ಎಂಬುದು ಅಡ್ಡಿಯೇ ಆಗಲಿಲ್ಲ. ಹಾಗೆಂದು ಊರಿನ ಪರಿಚಯವು ಶಾಶ್ವತ ರಕ್ಷೆಯೂ ಅಲ್ಲ. ಉಡುಪಿ ಲೋಕಸಭಾ ಕ್ಷೇತ್ರದಿಂದ ೧೯೮೦ರಿಂದ ಐದು ಸಲ ಬಿಡದೆ ಗೆದ್ದಿದ್ದ ಆಸ್ಕರ್ ಫರ್ನಾಂಡಿಸರನ್ನು ೧೯೯೮ರಲ್ಲಿ ಐ.ಎಂ. ಜಯರಾಮ ಶೆಟ್ಟರು ಸೋಲಿಸಿದರು.

ಜನರೇ ಮತ ಕೊಡುವ ಅಧ್ಯಕ್ಷ ಪದವಿಗಳಲ್ಲಿ ಹೊರಗಿನವರ ಗತಿಯೇನು? ಅಮೆರಿಕವನ್ನು ಬೇಗನೆ ನೋಡಿ ಮುಗಿಸೋಣ. ಅಲ್ಲಿ ಎರಡು ದೊಡ್ಡ ಪಕ್ಷಗಳಿಗೆ ಹೊರತಾದವರು ಕುಳಿತಿರುವ ಅಧ್ಯಕ್ಷರನ್ನು ಕೆಡವಬಲ್ಲರು. ಆದರೆ ತಾವು ಕೂರಲಾರರು. ೧೯೧೨ರಲ್ಲಿ ಥಿಯೊಡೋರ್ ರೂಸ್‌ವೆಲ್ಟರು ತಮ್ಮ ಹಳೆಯ ಪಕ್ಷವನ್ನು ಒಡೆದು ನಿಂತು ಅಧ್ಯಕ್ಷ ಟಾಫ್ಟರನ್ನು ಮೂರನೆಯ ಸ್ಥಾನಕ್ಕೆ ತಳ್ಳಿದರು. ಗೆದ್ದವರು ವುಡ್ರೊ ವಿಲ್ಸನ್. ೧೯೯೨ರಲ್ಲಿ ರಾಸ್ ಪೆರೊ ಎಂಬ ಶ್ರೀಮಂತ ವ್ಯಾಪಾರಿಯು ನೂರಕ್ಕೆ ಹತ್ತೊಂಬತ್ತರಷ್ಟು ಜನಮತ ಪಡೆದರೂ ಚುನಾಯಕ ಮಂಡಲಿಯ ಒಂದು ಮತವೂ ದೊರೆಯಲಿಲ್ಲ. ವಿದ್ಯಾರ್ಥಿಗಳಾದ ನಮಗೆ ೧೯೬೮ರ ಪ್ರಸಂಗವು ಹೆಚ್ಚು ಹಿಡಿಸೀತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಸೆನೆಟರ್ ಯೂಜಿನ್ ಮೆಕಾರ್ಥಿಯವರ ಪರವಾಗಿ ಕಾಲೇಜು ಹುಡುಗರು ಉದ್ದ ಕೂದಲು, ಗಡ್ಡಗಳನ್ನು ತೆಗೆಸಿಕೊಂಡು ಮನೆಮನೆಗೆ ಹೋದರು. ನ್ಯೂ ಹ್ಯಾಂಪ್‌ಷೈರಿನ ಪ್ರಾಥಮಿಕ ಚುನಾವಣೆಯಲ್ಲಿ ಅಧ್ಯಕ್ಷ ಜಾನ್ಸನ್ನರೇ ಮುಂದಿದ್ದರೂ ಮೆಕಾರ್ಥಿಯವರು ನೂರಕ್ಕೆ ನಲವತ್ತೆರಡರಷ್ಟು ಪಡೆದರು. ಮಾರ್ಚ್ ೩೧ರಂದು ಜಾನ್ಸನ್ನರು ತಾವು ಮತ್ತೆ ನಿಲ್ಲುವುದಿಲ್ಲವೆಂದರು. ಅಲ್ಲಿಯೂ ಏಟು ಬಿದ್ದುದು ಸ್ವಪಕ್ಷದ ಒಳಗಿನಿಂದ.

ನನ್ನ ಈ ವಾದಕ್ಕೆ ದೊಡ್ಡ ಅಪವಾದವು ತೀರ ಹತ್ತಿರದ ಶ್ರೀಲಂಕೆಯಲ್ಲಿದೆ. ೨೦೧೫ರಲ್ಲಿ ಮೈತ್ರಿಪಾಲ ಸಿರಿಸೇನರು ಅಧ್ಯಕ್ಷ ಮಹಿಂದ ರಾಜಪಕ್ಸರನ್ನು ಸೋಲಿಸಿದುದು ಗಿರಿಯವರ ಮಾದರಿಯದೇ. ಆ ಸರಕಾರದಲ್ಲಿಯೇ ಮಂತ್ರಿಯಾಗಿದ್ದು, ಆ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದು, ಚುನಾವಣೆಯ ಹೊತ್ತಿಗೆ ಹೊರಗೆ ಬಂದು ನಿಂತವರು ಅವರು. ೨೦೨೪ರದು ಹಾಗಲ್ಲ.

೨೦೨೨ರಲ್ಲಿ ಅಲ್ಲಿಯ ಆರ್ಥಿಕ ವ್ಯವಸ್ಥೆ ಕುಸಿದು, ಪೆಟ್ರೋಲು, ಔಷಧಿಗಳಿಗೂ ಗತಿಯಿಲ್ಲದೆ ಜನರು ಬೀದಿಗಿಳಿದಾಗ, ಅಧ್ಯಕ್ಷ ಗೋಟಾಬಯ ರಾಜಪಕ್ಸರು ದೇಶಬಿಟ್ಟು ಓಡಿದರು. ಉಳಿದ ಅವಧಿಗೆ ಹೊಸಬರನ್ನು ಆರಿಸಿದುದು ಅಲ್ಲಿಯ ಪಾರ್ಲಿಮೆಂಟು. ಜುಲೈ ೨೦ರಂದು ನಡೆದ ಆ ಮತದಾನದಲ್ಲಿ ರಾನಿಲ್ ವಿಕ್ರಮಸಿಂಘೆಯವರಿಗೆ ೧೩೪ ಮತ ಬಂದವು. ಅನುರ ಕುಮಾರ ದಿಸಾನಾಯಕರೆಂಬವರೂ ನಿಂತಿದ್ದರು. ಅವರಿಗೆ ಬಂದುದು ೩. ಎರಡು ವರ್ಷ ಕಳೆದು ೨೦೨೪ರ ಸೆಪ್ಟೆಂಬರ್ ೨೧ರಂದು ಅದೇ ಪದವಿಗೆ ಜನರು ಮತ ಹಾಕಿದರು. ದಿಸಾನಾಯಕರಿಗೆ ನೂರಕ್ಕೆ ೪೨.೩೧, ಕುಳಿತಿದ್ದ ಅಧ್ಯಕ್ಷ ವಿಕ್ರಮಸಿಂಘೆಯವರಿಗೆ ೧೭.೨೭, ಮೂರನೆಯ ಸ್ಥಾನ. ಯಾರಿಗೂ ಅರ್ಧ ಬಾರದ ಕಾರಣ ಅಲ್ಲಿಯ ಇತಿಹಾಸದಲ್ಲಿ ಮೊದಲ ಸಲ ಮುಂದಿನ ಪ್ರಾಶಸ್ತ್ಯದ ಮತಗಳನ್ನು ಎಣಿಸಿ ದಿಸಾನಾಯಕರು ಗೆದ್ದರೆಂದು ಸಾರಿದರು.

ಅವರೇ ಇಬ್ಬರು ವ್ಯಕ್ತಿಗಳು, ಅದೇ ಪೀಠ, ನಡುವೆ ಎರಡೇ ವರ್ಷ. ಮತವು ಪಾರ್ಲಿಮೆಂಟಿನ ಕೈಯಲ್ಲಿದ್ದಾಗ ೧೩೪ಕ್ಕೆ ೩. ಜನರ ಕೈಗೆ ಬಂದಾಗ ಎಲ್ಲವೂ ತಲೆಕೆಳಗು. ದಿಸಾನಾಯಕರಿಗೆ ಒಳಗಿನಿಂದ ಅಗುಳಿ ತೆಗೆದವರು ಯಾರೂ ಇರಲಿಲ್ಲ. ಮನೆಯೊಳಗೆ ಬಿರುಕು ಮೂಡುವವರೆಗೆ ಕಾಯುವ ಅಗತ್ಯವು ಶಾಸಕರು ಮತ ಕೊಡುವಲ್ಲಿ ಮಾತ್ರ. ಜನರೇ ಕೊಡುವಲ್ಲಿ, ಅವರ ಸಹನೆ ತೀರಿದ ದಿನ ಹೊರಗಿನವರು ಮುಂಬಾಗಿಲಿನಿಂದಲೇ ಬರಬಹುದು.

ಹಾಗಾದರೆ ಕೆ.ಟಿ. ಷಾ ಅವರೇ ಸರಿ, ನಮ್ಮ ರಾಷ್ಟ್ರಪತಿಯನ್ನೂ ಜನರೇ ಆರಿಸಲಿ ಎನ್ನೋಣವೆ? ನಮ್ಮ ತರಗತಿಯ ಚರ್ಚಾಕೂಟದಲ್ಲಿ ಹೆಚ್ಚಿನವರು ಹೌದೆಂದರು. ನನಗೆ ಹಾಗೆ ತೋರುವುದಿಲ್ಲ. ಶ್ರೀಲಂಕೆಯ ಅಧ್ಯಕ್ಷರು ಆಳುವವರು. ನಮ್ಮ ರಾಷ್ಟ್ರಪತಿಯವರು ಮಂತ್ರಿಮಂಡಲದ ಸಲಹೆಯಂತೆ ರುಜು ಮಾಡುವವರು. ಬ್ಯಾಂಕುಗಳ ಸುಗ್ರೀವಾಜ್ಞೆಗೆ ರುಜು ಗಿರಿಯವರದು, ನಿರ್ಧಾರ ಇಂದಿರಾ ಅವರದು. ಆಳುವವರನ್ನು ಇಳಿಸುವ ಮತವಂತೂ ನನ್ನ ತಾಯಿಯ ಕೈಯಲ್ಲಿಯೇ ಇದೆ. ರಾಯ್‌ಬರೇಲಿಯವರು ೧೯೭೭ರಲ್ಲಿ ಚಲಾಯಿಸಿದುದು ಅದನ್ನೇ. ಆದರೆ ೧೩೧ರ ಲೆಕ್ಕವನ್ನು ಮಾತ್ರ ನಾನು ಒಪ್ಪಲಾರೆ. ನನ್ನ ತಾಯಿ ೧೯೭೧ರಲ್ಲಿ ಹುಟ್ಟಿರಲೇ ಇಲ್ಲ. ಅಂದಿನ ತಲೆಯೆಣಿಕೆಯಲ್ಲಿ ಅವರೂ ಇಲ್ಲ, ನಾನೂ ಇಲ್ಲ. ನಮ್ಮಿಬ್ಬರನ್ನೂ ಬಿಟ್ಟೇ ಕಾರ್ಕಳದ ಶಾಸಕರ ಮತವನ್ನು ತೂಗಲಾಗುತ್ತಿದೆ. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ನಷ್ಟವಾಗಬಾರದೆಂಬ ಸದುದ್ದೇಶದಿಂದ ಆ ಅಂಕಿಯನ್ನು ಹಾಗೆಯೇ ಇಟ್ಟಿದ್ದಾರೆಂಬುದು ನಿಜ. ಸಂವಿಧಾನದ ಪ್ರಕಾರ ೨೦೨೬ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಅದೇ ನಡೆಯತಕ್ಕದ್ದು.

ಈಗಿನ ರಾಷ್ಟ್ರಪತಿಗಳ ಅವಧಿ ೨೦೨೭ರ ಜುಲೈವರೆಗೆ. ಅಭ್ಯರ್ಥಿಯಾಗಬಯಸುವವರಿಗೆ ೧೯೯೭ರ ತಿದ್ದುಪಡಿಯಂತೆ ಐವತ್ತು ಮಂದಿ ಸೂಚಕರು, ಐವತ್ತು ಮಂದಿ ಅನುಮೋದಕರು ಮತ್ತು ಹದಿನೈದು ಸಾವಿರ ರೂಪಾಯಿ ಠೇವಣಿ ಬೇಕು. ಆ ನೂರು ಮಂದಿಯೂ ಮತದಾರರೇ, ಅಂದರೆ ಶಾಸಕರು ಅಥವಾ ಸಂಸದರೇ ಆಗಿರಬೇಕು. ಚೌಧರಿ ಹರಿರಾಮರಂಥವರಿಗೆ ಇನ್ನು ಕಣಕ್ಕೆ ಇಳಿಯುವುದೂ ಕಷ್ಟ. ನಮ್ಮ ಜಿಲ್ಲೆಯ ಐವರು ಶಾಸಕರೂ ಒಟ್ಟಾಗಿ ಒಬ್ಬರನ್ನು ಸೂಚಿಸಿದರೆಂದೇ ಇಟ್ಟುಕೊಳ್ಳಿ, ಇನ್ನೂ ತೊಂಬತ್ತೈದು ರುಜುಗಳನ್ನು ಹುಡುಕಬೇಕಾಗುತ್ತದೆ.